ಗಿರಿಜಕ್ಕ ಜೋಡಿಸಿದ ಪುಸ್ತಕ

ಬಚ್ಚಲೊಲೆಯ ಮೇಲಿನ ಬಿದಿರಿನ ಅಟ್ಟಣಿಗೆಯಲ್ಲಿ ನನ್ನ ಜಾವಾ ಪುಸ್ತಕ ಒಣಮೀನಿನ ಪಕ್ಕ ಮಲಗಿತ್ತು. ಪುಸ್ತಕ ಎಂದರೆ ತಪ್ಪಾದೀತು. ಅದರ ಸುರುಳಿತಂತಿ ಬಿಚ್ಚಿ, ಹಾಳೆಗಳನ್ನು ಹತ್ತು ಹದಿನೈದರ ಕಂತೆ ಮಾಡಿ, ಹೊಗೆ ತಾಗುವ ಹಾಗೆ ಹರಡಿದ್ದರು. ಪರೀಕ್ಷೆಗೆ ಹನ್ನೆರಡು ದಿನ ಉಳಿದಿತ್ತು.

"ಬೂಷ್ಟ್ ಹಿಡ್ದಿತ್ ಹೆಣೆ. ಇಲ್ಲಿ ಮಳೆಗಾಲದಲ್ ಹೊಗಿ ಕೊಡ್ದಿರೆ ಯಾವ್ದೂ ಉಳಿತಿಲ್ಲೆ" ಎಂದರು ಮನೆಯೊಡತಿ ಗಿರಿಜಕ್ಕ, ಮೆಚ್ಚುಗೆಯ ಮಾತಿಗೆ ಕಾಯುತ್ತ.

ನಮ್ಮ ಧಾರವಾಡದ ಓದುಗರಿಗೆ ಹೆಣೆ ಎಂದರೆ ಹುಡುಗೀ ಎಂದೂ ಬೂಷ್ಟು ಎಂದರೆ ಏನೆಂದೂ ಹೇಳಬೇಕು. ಕರಾವಳಿಯ ಮಳೆಗಾಲದಲ್ಲಿ ಚಪ್ಪಲಿ, ಚೀಲ, ಕನ್ನಡಕದ ಡಬ್ಬಿ ಎಲ್ಲದರ ಮೇಲೂ ಬೆಳೆಯುವ ಹಸಿರು ಬೂದಿಯಂಥ ಶಿಲೀಂಧ್ರ ಅದು. ನಮ್ಮಲ್ಲಿ ಪುಸ್ತಕಕ್ಕೆ ಧೂಳು ಹಿಡಿಯುತ್ತದೆ, ಝಾಡಿಸಿದರೆ ಮುಗಿಯಿತು. ಇಲ್ಲಿ ಪುಸ್ತಕಕ್ಕೆ ಜೀವ ಬರುತ್ತದೆ.

ಆ ಹೊತ್ತಿಗೆ ನಾನು ಬಸ್ರೂರಿಗೆ ಬಂದು ಮೂರು ತಿಂಗಳಾಗಿತ್ತು. ಕುಂದಾಪುರದ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳುವ ಕೆಲಸ. ಬ್ರಹ್ಮಾವರ, ಹೆಮ್ಮಾಡಿ, ಬೈಂದೂರು ಕಡೆಯಿಂದ ಬಸ್ಸಿನಲ್ಲಿ ಬರುವ ಮಕ್ಕಳು. ಜಾವಾ ಬ್ಯಾಚು ಚೌತಿಯ ಮರುವಾರ ಶುರುವಾಗಬೇಕಿತ್ತು. "ಅಷ್ಟರೊಳಗೆ ನೀವು ಸರ್ಟಿಫಿಕೇಷನ್ ಪಾಸಾದರೆ ಬ್ಯಾಚ್ ನಿಮ್ಮದು. ಇಲ್ಲದಿದ್ದರೆ ಮಂಗಳೂರಿನಿಂದ ಪಾಸಾದವರೊಬ್ಬರು ಬರ್ತಾರೆ. ಇಬ್ಬರನ್ನು ಇಟ್ಟುಕೊಳ್ಳುವ ಶಕ್ತಿ ನನಗಿಲ್ಲ" ಎಂದು ಸೆಂಟರಿನ ಯಜಮಾನರು ಮೊದಲೇ ಹೇಳಿದ್ದರು. ಅವರ ಮಾತಿನಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಫೇಲಾದರೆ ಗಂಟುಮೂಟೆ ಕಟ್ಟಿ ಧಾರವಾಡಕ್ಕೆ. ಅಪ್ಪನ ಜೊತೆ ಒಂದು ವಾರ ವಾದ ಮಾಡಿ ಗೆದ್ದು ಹೊರಟವಳು ನಾನು. ಹಾಗೆ ತಿರುಗಿ ಹೋಗುವುದು ಹೇಗೆ?

ಬಸ್ರೂರಿನ ಮೊದಲ ದಿನಗಳ ಬಗ್ಗೆ ದೂರು ಬರೆಯುವುದು ಸುಲಭ. ಬೆವರು, ಅಕ್ಕಪಕ್ಕದ ಮೀನಿನ ವಾಸನೆ, ರೊಟ್ಟಿ ಕಾಣದ ಕುಚ್ಚಲಕ್ಕಿ ಗಂಜಿ. ಭಾನುವಾರ ಸಂಜೆ ಮಾತಾಡಲು ಯಾರೂ ಇಲ್ಲದೆ ಗೋಡೆಯ ಕ್ಯಾಲೆಂಡರಿನ ತಪ್ಪು ಹುಡುಕುತ್ತ ಕೂತದ್ದೂ ಉಂಟು. ಆದರೆ ಎದುರು ಪಕ್ಷದ ಮಾತೂ ದಾಖಲಾಗಲಿ: ನಾನು ಮೀನು ತಿನ್ನುವುದಿಲ್ಲ ಎಂದು ತಿಳಿದ ಮರುದಿನವೇ, ಮೀನು ಮಾರಿಯೇ ಬದುಕುವ ಗಿರಿಜಕ್ಕ ನನಗಾಗಿ ಬೇರೆ ಪಾತ್ರೆ, ಬೇರೆ ಸೌಟು ತಂದಿಟ್ಟರು. "ನಾನು ಕೇಳಲಿಲ್ಲವಲ್ಲ" ಎಂದೆ. "ಕೇಂಡ್ ಮೇಲ್ ಕೊಡುದ್ ಅಂಗ್ಡಿಯರ್" ಎಂದರು. ಕೇಳಿದ ಮೇಲೆ ಕೊಡುವವರು ಅಂಗಡಿಯವರಂತೆ.

ಪುಸ್ತಕಕ್ಕೆ ಬರುತ್ತೇನೆ. ಅದು ಹುಬ್ಬಳ್ಳಿಯ ಗೆಳತಿಯ ಪುಸ್ತಕದ ಜೆರಾಕ್ಸ್. ದಪ್ಪ ಪುಸ್ತಕ ಗಾಜಿನ ಮೇಲೆ ಸರಿಯಾಗಿ ಕೂರದೆ ಅಂಚಿನ ಪುಟಸಂಖ್ಯೆಗಳೆಲ್ಲ ಕತ್ತರಿಸಿಹೋಗಿದ್ದವು. ಮುನ್ನೂರಕ್ಕೂ ಮಿಕ್ಕ ಹಾಳೆ, ಸಂಖ್ಯೆ ಇಲ್ಲ. ಒಲೆಯ ಮೇಲಿಂದ ಇಳಿಸುವಾಗ ಕಂತೆಗಳೂ ಕಲಸಿಹೋದವು.

"ಅಕ್ಕಾ, ಯಾವ ಹಾಳೆ ಆದಮೇಲೆ ಯಾವುದು ಅಂತ ನನಗೀಗ ಹೇಗೆ ಗೊತ್ತಾಗಬೇಕು?" ಎಂದು ಕೂಗಿದೆ. ಅಳು ಬಂದಿತ್ತು, ಅದನ್ನು ಸಿಟ್ಟು ಮಾಡಿಕೊಂಡೆ.

"ನೀನ್ ಓದಿದ್ದಲ್ದಾ? ಓದಿದರಿಗ್ ಗೊತ್ತಾತಿಲ್ಯಾ?"

ನಿಜವಾಗಿ ಓದಿದ್ದರೆ ಗೊತ್ತಾಗಬೇಕಿತ್ತು. ನಾನು ಓದುತ್ತಿರಲಿಲ್ಲ, ಪುಸ್ತಕದ ಜೊತೆ ಜಗಳವಾಡುತ್ತಿದ್ದೆ. ಕಾಲೇಜಿನ ಚರ್ಚಾಸ್ಪರ್ಧೆಗಳು ಅಂಟಿಸಿದ ಚಟ ಅದು. ಮಾದರಿ ಪರೀಕ್ಷೆಗಳಲ್ಲಿ 'ಸರಿಯಾದ ಉತ್ತರಗಳನ್ನೆಲ್ಲ ಗುರುತಿಸಿ' ಎಂದಿದ್ದರೆ, ತಪ್ಪು ಉತ್ತರದ ಪರವಾಗಿಯೂ ಒಂದು ವಾದ ಹೊಳೆಯುತ್ತಿತ್ತು. ಅದನ್ನೂ ಗುರುತಿಸಿ ಬರುತ್ತಿದ್ದೆ. ಅರ್ಧಕ್ಕರ್ಧ ತಪ್ಪು.

ಜಗಲಿಯ ಮೇಲೆ ಹಾಳೆ ಹರಡಿದೆವು. ಒಂದು ವಾಕ್ಯದ ಬಾಲ ಹಿಡಿದು ಇನ್ನೊಂದರ ತಲೆ ಹುಡುಕುವುದು ನನ್ನ ಕ್ರಮ. ಗಿರಿಜಕ್ಕನಿಗೆ ಇಂಗ್ಲಿಷ್ ಅಕ್ಷರ ಗೊತ್ತಿಲ್ಲ. ಸ್ವಲ್ಪ ಹೊತ್ತು ನೋಡಿ ಎದುರು ಕೂತರು. ಹಾಳೆಗಳನ್ನು ಬೆಳಕಿಗೆ ಹಿಡಿದು ಪಟಪಟ ಜೋಡಿಸತೊಡಗಿದರು.

"ಏನು ನೋಡಿ ಜೋಡಿಸ್ತೀರಿ?"

"ಕಲೆ ಕಾಣ್. ಬೂಷ್ಟ್ ಒಂದ್ ಹಾಳಿಯಿಂದ ಇನ್ನೊಂದಕ್ ಇಳಿತ್ತ್. ಇದ್ರಗೆ ಬೊಗ್ಸಿಯಷ್ಟ್, ಇದ್ರಗೆ ಅಂಗೈಯಷ್ಟ್, ಇದ್ರಗೆ ಪಾವ್ಲಿಯಷ್ಟ್. ಹಾರಿ ಹೋತಿಲ್ಲೆ."

ಬೊಗಸೆಯಷ್ಟಿದ್ದ ಕಲೆ ಅಂಗೈಯಷ್ಟು, ಆಮೇಲೆ ನಾಲ್ಕಾಣೆಯಷ್ಟು ಎಂದು ಕಿರಿದಾಗುತ್ತ ಹೋಗುತ್ತದಂತೆ. ನಂಬಲಿಲ್ಲ. ಕಲೆ ನೋಡಿ ಪುಸ್ತಕ ಕಟ್ಟುವುದಾದರೆ ವ್ಯಾಕರಣ ಯಾಕೆ? ಒಂದು ಹಾಳೆಯ ಮೇಲಂತೂ ದೊಡ್ಡ ವಾಗ್ವಾದವೇ ಆಯಿತು. ಅರ್ಧಕ್ಕೆ ನಿಂತ ಒಂದು ಪ್ರೋಗ್ರಾಂ. ಅದರ ಮುಂದಿನ ಭಾಗ ಎನ್ನಬಹುದಾದ ಹಾಳೆಗಳು ಎರಡು. ತರ್ಕ ಒಂದನ್ನು ಹೇಳಿತು, ಕಲೆ ಇನ್ನೊಂದನ್ನು.

"ಇದೇ ಸರಿ, ಅಕ್ಕಾ. ನಾನು ಓದಿ ಹೇಳ್ತಿದ್ದೇನೆ."

"ನೀನ್ ಓದಿ ಹೇಳುದಲ್ಲ, ಹೇಳಿ ಓದುದ್. ಮಾರಾಯ್ತಿ, ಹಾಳಿ ಎಂತ ಹೇಳತ್ತ್ ಅಂದ್ ಕಾಣ್."

ಮರುದಿನ ಸೆಂಟರಿನಲ್ಲಿ ಎರಡೂ ರೀತಿ ಟೈಪ್ ಮಾಡಿ ಓಡಿಸಿದೆ. ನನ್ನ ಜೋಡಣೆಗೆ ಯಂತ್ರ ತಪ್ಪುಗಳ ಪಟ್ಟಿ ಕೊಟ್ಟಿತು. ಗಿರಿಜಕ್ಕನದು ಸಲೀಸಾಗಿ ಓಡಿತು. ಸಂಜೆ ಮನೆಗೆ ಬಂದು ಸೋಲೊಪ್ಪಿಕೊಂಡರೆ ಅವರು ಹಿಗ್ಗಲೂ ಇಲ್ಲ. "ಅದಕ್ ಇಷ್ಟ್ ದೂರ ಹೋಯ್ಕಿತ್ತಾ?" ಎಂದರು, ಅಷ್ಟೆ.

ಮೂರು ಸಂಜೆ ಹಿಡಿಯಿತು. ಅವರು ಕಲೆ ನೋಡಿ ಜೋಡಿಸಿದ್ದನ್ನು ನಾನು ಓದಿ ಒಪ್ಪಬೇಕು, ಹಾಗೆಂದು ಕರಾರು. ಒಪ್ಪಬೇಕಾದರೆ ಪ್ರತಿ ಸಾಲೂ ಓದಲೇಬೇಕು. ತಿಂಗಳುಗಟ್ಟಲೆ ಜಗಳವಾಡಿ ತಿಳಿಯದ್ದು ಆ ಮೂರು ಸಂಜೆಯಲ್ಲಿ ತಿಳಿಯಿತು. ಉಳಿದ ದಿನ ಮಾದರಿ ಪ್ರಶ್ನೆ ಬಿಡಿಸುವಾಗ ಬಾಯಿಗೆ ಬೀಗ ಹಾಕಿ, ಅಲ್ಲಿ ಅಚ್ಚಾದದ್ದನ್ನು ಮಾತ್ರ ನೋಡಿದೆ. ಅಂಕ ಏರಿತು.

ಪರೀಕ್ಷೆ ಮಂಗಳೂರಿನಲ್ಲಿ. ಆ ಜಗಳದ ಪ್ರೋಗ್ರಾಮೇ ಪ್ರಶ್ನೆಯಾಗಿ ಬಂತು ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಬರಲಿಲ್ಲ. ಕೊನೆಯ ಪ್ರಶ್ನೆ ಮುಗಿಸಿ ಗುಂಡಿ ಒತ್ತಿದಾಗ ಪರದೆಯ ಮೇಲೆ ಪಾಸು ಎಂದು ಬಂತು. ಬೇಕಾದದ್ದಕ್ಕಿಂತ ಹೆಚ್ಚೇ ಅಂಕ. ಬ್ಯಾಚು ನನ್ನದಾಯಿತು.

ಎದುರಿನ ಎಸ್‌ಟಿಡಿ ಬೂತಿಗೆ ಓಡಿದೆ. ಬೆರಳು ಯೋಚಿಸದೆ ಬಸ್ರೂರಿನ ನಂಬರು ಒತ್ತಿತು.

"ಪಾಸಾಯ್ತು ಅಕ್ಕಾ!"

"ಹೌದಾ ಹೆಣೆ! ಒಳ್ಳೇದಾಯ್ತ್. ಅಪ್ಪಯ್ಯ ಎಂತ ಹೇಳ್ರ್?"

"ಅಪ್ಪನಿಗೆ ಇನ್ನೂ ಹೇಳಿಲ್ಲ."

"ಹೆತ್ತರಿಗ್ ಹೇಳದೆ ನಂಗ್ ಹೇಳುದಾ? ಬುದ್ಧಿ ಎಲ್ಲಿತ್ತ್ ನಿಂಗೆ? ಫೋನ್ ಇಡ್. ಮತ್ತೆ ಕೇಣ್, ನಂಗ್ ಮೊದ್ಲ್ ಹೇಳ್ದೆ ಅಂದ್ ಅವ್ರಿಗ್ ಹೇಳ್ಬೇಡ. ಬೇಜಾರ್ ಆತ್ತ್."

ಧಾರವಾಡಕ್ಕೆ ಮಾಡಿದೆ. ಒಂದೇ ರಿಂಗಿಗೆ ಅಪ್ಪ ಎತ್ತಿದರು. ಫೋನಿನ ಪಕ್ಕದಲ್ಲೇ ಕೂತಿದ್ದರೆಂದು ಕಾಣುತ್ತದೆ.

"ಪಾಸಾದೆ, ಅಪ್ಪಾ."

"ಶಾಬಾಶ್ ಅವ್ವಿ! ಮೊದಲ ನನಗ ಹೇಳಿದಿ ಹೌದಲ್ಲ?"

ಪುರಾವೆ ಇಲ್ಲದ ಮಾತು ಆಡಬಾರದೆಂದು ನನಗೆ ಮಾತು ಕಲಿಸಿದವರೇ ಅಪ್ಪ. ಯಾವ ವೇದಿಕೆಯಲ್ಲೂ ಆ ನಿಯಮ ಮೀರಿದವಳಲ್ಲ ನಾನು.

"ಹೌದಪ್ಪಾ, ನಿಮಗ ಮೊದಲು" ಎಂದೆ.

ಈ ಬರಹ ಅಚ್ಚಾದರೆ ಅಪ್ಪ ಓದುತ್ತಾರೆ, ಕನ್ನಡಕ ಒರೆಸಿಕೊಂಡು, ಪ್ರತಿ ಸಾಲನ್ನೂ. ಈ ಸಾಲಿಗೆ ಬಂದಾಗ ನಿಲ್ಲುತ್ತಾರೆ. ಆಮೇಲೆ ಫೋನ್ ಮಾಡುತ್ತಾರೆ. ಎತ್ತುವುದು ಗಿರಿಜಕ್ಕ, ಆ ಹೊತ್ತಿಗೆ ನಾನು ಸೆಂಟರಿನಲ್ಲಿರುತ್ತೇನೆ. ಅವರಿಬ್ಬರು ಏನು ಮಾತಾಡಿಕೊಳ್ಳುತ್ತಾರೋ ಆಡಿಕೊಳ್ಳಲಿ. ಈ ಒಂದು ಮೊಕದ್ದಮೆಯಲ್ಲಿ ನಾನು ಯಾವ ಕಡೆಯ ವಕೀಲಳೂ ಅಲ್ಲ.