ಹಾಡುವುದು ಗಂಡು ಅಂದಿದ್ದರು

ಯಮನಮ್ಮ ಮೂವತ್ತಾರು ವರ್ಷ ದೇವದುರ್ಗ ತಾಲ್ಲೂಕಿನ ಹಳ್ಳಿಗಳಲ್ಲಿ ಆರೋಗ್ಯ ಸಹಾಯಕಿಯಾಗಿ ದುಡಿದವಳು. ಹುದ್ದೆಯ ಉದ್ದನೆಯ ಹೆಸರು ಯಾರಿಗೂ ಬೇಕಿರಲಿಲ್ಲ, ಎಲ್ಲರಿಗೂ ಅವಳು ‘ಸಿಸ್ಟರ್’. ಹುಟ್ಟಿದ್ದು ಮಸರಕಲ್‌ನಲ್ಲಿ, ಊರಾಚೆಯ ಕೇರಿಯ ಕೂಲಿ ಮಾಡುವವರ ಮನೆಯಲ್ಲಿ. ಆ ಕೇರಿಯಿಂದ ಹತ್ತನೆಯ ತರಗತಿ ದಾಟಿದ ಮೊದಲ ಹುಡುಗಿ. ಜಾಲಹಳ್ಳಿಯ ಸುತ್ತಮುತ್ತ ಅವಳ ಕೈಯಲ್ಲಿ ಹುಟ್ಟಿದವರೇ ಈಗ ಮಕ್ಕಳ ತಂದೆ ತಾಯಿಯರಾಗಿದ್ದಾರೆ. ಬಸುರಿಯ ಹೊಟ್ಟೆಯ ಮೇಲೆ ಅಂಗೈ ಇಟ್ಟರೆ ಕೂಸು ಹೇಗೆ ಮಲಗಿದೆ, ಇನ್ನೆಷ್ಟು ಹೊತ್ತು ಬೇಕು ಎಂದು ಹೇಳಿಬಿಡುತ್ತಿದ್ದಳು. ಅವಳ ಮಾತು ತಪ್ಪಿದ್ದು ಕಡಿಮೆ.

ಅಂಥವಳನ್ನು ಅಂಗೈಯಷ್ಟೂ ಇಲ್ಲದ ಒಂದು ಹಳದಿ ಹಕ್ಕಿ ವರ್ಷವಿಡೀ ಗೊಂದಲದಲ್ಲಿ ಕೆಡವಿತು.

ನಿವೃತ್ತಿಯ ನಂತರ ಯಮನಮ್ಮ ಗಂಡನೊಡನೆ ರಾಯಚೂರಿನಲ್ಲಿದ್ದಳು. ಗಂಡ ಪ್ರಾಥಮಿಕ ಶಾಲೆಯ ಮಾಸ್ತರನಾಗಿದ್ದವನು. ಹೆಸರು ಮೌನಪ್ಪ, ಆದರೆ ಬೆಳಗಿನ ಚಹಾದಿಂದ ಹಾಸಿಗೆಯವರೆಗೆ ಬಾಯಿ ಮುಚ್ಚುತ್ತಿರಲಿಲ್ಲ. ಮಗಳು ವಿಶಾಖಾ ಮಾನ್ವಿಯಲ್ಲಿ ಹೈಸ್ಕೂಲ್ ಟೀಚರ್. ಅಲ್ಲಿ ಅವಳಿಗೆ ಮನೆ ಬಾಡಿಗೆಗೆ ಕೊಟ್ಟವನು ಮಹಮ್ಮದ್ ಹುಸೇನ್ ಎಂಬ ದರ್ಜಿ. ಇಪ್ಪತ್ತೈದು ವರ್ಷಗಳಿಂದ ಹೊಲಿಗೆ ಯಂತ್ರದ ಮೇಲ್ಗಡೆ ಪಂಜರಗಳನ್ನು ನೇತುಹಾಕಿ ಕ್ಯಾನರಿ ಹಕ್ಕಿ ಸಾಕುತ್ತಿದ್ದ. ಹೋದ ಫೆಬ್ರವರಿಯಲ್ಲಿ ವಿಶಾಖಾ ಅವನಲ್ಲಿಂದ ಎರಡು ಮರಿಗಳನ್ನು ಪಂಜರ ಸಮೇತ ತಂದು ತಾಯಿಯ ಮುಂದಿಟ್ಟಳು.

“ಇವೇನವ್ವಾ, ಹಳದಿ ಗುಬ್ಬಿ ಏನು?” ಯಮನಮ್ಮ ಕೇಳಿದಳು.

“ಕ್ಯಾನರಿ ಅಂತಾರ ಯವ್ವಾ. ಭಾಳ ಛಂದ ಹಾಡತಾವ. ನವಣಿ, ಕೊತಂಬರಿ ಸೊಪ್ಪು, ಸೌತಿಕಾಯಿ ಹಾಕು, ತಿಂತಾವ. ದಿನಾ ಜಳಕಕ್ಕೊಂದು ಬಟ್ಟಲ ನೀರು ಇಡು.”

“ಯಾವುದು ಗಂಡು, ಯಾವುದು ಹೆಣ್ಣು?”

“ಇನ್ನಾ ಸಣ್ಣವು, ನೋಡಿದ್ರ ತಿಳಿಯಂಗಿಲ್ಲಂತ. ಹಾಡೋದು ಗಂಡು, ಸುಮ್ನ ಕುಂದ್ರೋದು ಹೆಣ್ಣು ಅಂತ ಹುಸೇನ್ ಚಾಚಾ ಹೇಳ್ಯಾರ.”

ಮೂರು ವಾರ ಕಳೆಯುವುದರೊಳಗೆ ಎರಡರಲ್ಲಿ ಒಂದು ಹಾಡತೊಡಗಿತು. ಗಂಟಲು ಉಬ್ಬಿಸಿ, ಕುತ್ತಿಗೆ ಆಚೀಚೆ ಹೊರಳಿಸಿ ಚಿಲಿಪಿಲಿ ಸುರಿಸಿ, ಥಟ್ಟನೆ ನಿಲ್ಲಿಸಿಬಿಡುತ್ತಿತ್ತು. ಇನ್ನೊಂದು, ರೆಕ್ಕೆಯ ಮೇಲೆ ಬಿಳಿ ಮಚ್ಚೆಯಿದ್ದದ್ದು, ಕೋಲಿನ ಆ ತುದಿಯಲ್ಲಿ ಕೂತು ಕೇಳುತ್ತಿತ್ತು. ಯಮನಮ್ಮ ಹಾಡುವುದಕ್ಕೆ ‘ಮಾಸ್ತರ’ ಎಂದೂ ಸುಮ್ಮನಿರುವುದಕ್ಕೆ ‘ಸಿಸ್ಟರ್’ ಎಂದೂ ಹೆಸರಿಟ್ಟಳು. ಮೌನಪ್ಪನಿಗೆ ಇದರಿಂದ ಖುಷಿಯೇ ಆಯಿತು. ಬಂದವರಿಗೆಲ್ಲ ತೋರಿಸಿದ.

ಬೇಸಿಗೆಯಿಂದ ಅವಳ ತಲೆ ಕೆಡಲು ಶುರುವಾಯಿತು. ಮೇ ತಿಂಗಳಲ್ಲಿ ರಾಯಚೂರು ಕಾದ ಹಂಚಿನಂತಾಗಿತ್ತು. ಹಕ್ಕಿಗಳು ಬಾಯಿ ತೆರೆದು ತೇಕುತ್ತಿದ್ದವು. ಪಂಜರವನ್ನು ಕೂಲರ್ ಮುಂದೆ ಇಟ್ಟಳು. ನೇರ ಗಾಳಿ ತಾಗಿದರೆ ಹಕ್ಕಿ ಸಾಯುತ್ತದೆ ಎಂದು ಮೌನಪ್ಪ ಫೋನಿನಲ್ಲಿ ಓದಿ ಹೇಳಿದ. ಅಡುಗೆಮನೆಗೆ ಒಯ್ದಳು. ಒಗ್ಗರಣೆಯ ಹೊಗೆಯೂ ಆಗದು ಎಂದು ಅದೇ ಫೋನು ಹೇಳಿತು. ಕೊನೆಗೆ ಪಡಸಾಲೆಯ ಮೂಲೆಯಲ್ಲಿ ಒದ್ದೆ ಬಟ್ಟೆ ಇಳಿಬಿಟ್ಟು ಅದರ ಹಿಂದೆ ಇಟ್ಟಳು. ಇದು ಸರಿಯೋ ತಪ್ಪೋ ಹೇಳುವವರು ಯಾರೂ ಇರಲಿಲ್ಲ. ಹಕ್ಕಿಗಳು ಮಾತ್ರ ಬದುಕಿದವು.

ಆಗಸ್ಟಿನಲ್ಲಿ ಮಾಸ್ತರ ಹಾಡು ನಿಲ್ಲಿಸಿತು. ಪಂಜರದ ತಳದಲ್ಲಿ ದಿನಾ ಹಳದಿ ಪುಕ್ಕಗಳು. ಕುತ್ತಿಗೆ ಬೋಳಾಯಿತು. ಯಮನಮ್ಮ ಎದೆಗುಂದಿದಳು. ಪಶು ವೈದ್ಯರೊಬ್ಬರ ಬಳಿ ಒಯ್ದಳು. ಅವರು ಪ್ರಾಮಾಣಿಕ ಮನುಷ್ಯ. “ಎಮ್ಮಿ, ಕುರಿ ಆಗಿದ್ರ ಹೇಳತಿದ್ದೆ ಅಮ್ಮಾ. ಇದರ ಬಗ್ಗೆ ನಾ ಜಾಸ್ತಿ ಓದಿಲ್ಲ” ಎಂದು ಕೈ ಮುಗಿದರು. ಅಂಗಡಿಯವನೊಬ್ಬ ಹನಿ ಔಷಧ ಕೊಟ್ಟ. ಪಕ್ಕದ ಮನೆಯವರು ದೃಷ್ಟಿ ತೆಗೆ ಎಂದರು. ಔಷಧ ಹಾಕಲು ಧೈರ್ಯವಾಗಲಿಲ್ಲ. ದೃಷ್ಟಿ ತೆಗೆಯುವುದರಲ್ಲಿ ನಂಬಿಕೆ ಇರಲಿಲ್ಲ, ಆದರೂ ಒಂದು ಸಂಜೆ ಯಾರೂ ಇಲ್ಲದಾಗ ಉಪ್ಪು ನಿವಾಳಿಸಿ, ತನಗೆ ತಾನೇ ನಾಚಿಕೊಂಡಳು. ಕಡೆಗೆ ಹುಸೇನ್ ಫೋನಿನಲ್ಲಿ ನಕ್ಕು, “ಪುಕ್ಕ ಬದಲಾಸಾಕತ್ತಾವ ಅಕ್ಕಾರ, ವರ್ಷಾ ಮಾಡತಾವ. ಹೊಸಾ ಅಂಗಿ ಬರೋಮಟ ಹಾಡಂಗಿಲ್ಲ” ಎಂದ. ಹಾಗೇ ಆಯಿತು. ಹೊಸ ಪುಕ್ಕ ಬಂತು, ಹಾಡೂ ಬಂತು.

ನವೆಂಬರಿನಲ್ಲಿ ಇನ್ನೊಂದು ವಿಚಿತ್ರ ಶುರುವಾಯಿತು. ಮಾಸ್ತರ ಪಂಜರದ ತಳಕ್ಕೆ ಹಾಸಿದ ಪೇಪರನ್ನು ಹರಿದು ಚೂರು ಮಾಡಿ ಬಾಯಲ್ಲಿ ಕಚ್ಚಿಕೊಂಡು ತಿರುಗತೊಡಗಿತು. ಹೊದಿಸಿದ ಹಳೇ ಸೀರೆಯಿಂದ ದಾರ ಎಳೆಯಿತು. ಕಾಳಿನ ಬಟ್ಟಲಲ್ಲಿ ಕೂತು ಮೈ ತಿರುಗಿಸಿತು. ಸಿಸ್ಟರ್ ತಾನು ತಿಂದದ್ದನ್ನು ಅದರ ಕೊಕ್ಕಿಗೆ ಕೊಕ್ಕು ಕೊಟ್ಟು ತಿನ್ನಿಸುತ್ತಿತ್ತು.

“ನೋಡು, ಹೇಣತಿ ಅಂದ್ರ ಹಿಂಗಿರಬೇಕು” ಎಂದು ಮೌನಪ್ಪ ನಕ್ಕ.

“ಅದಕ್ಕ ತಲಿ ಕೆಟ್ಟದ, ನಿಮಗ ನಗು ಬರಾಕತ್ತದೇನು?” ಎಂದಳು ಯಮನಮ್ಮ.

ಡಿಸೆಂಬರ್ ಮೊದಲ ವಾರ, ಒಂದು ಬೆಳಿಗ್ಗೆ ಬಟ್ಟೆ ಸರಿಸಿದಾಗ ಮಾಸ್ತರ ಕೋಲಿನ ಮೇಲೆ ಇರಲಿಲ್ಲ. ತಳದ ಮೂಲೆಯಲ್ಲಿ ಮೈ ಉಬ್ಬಿಸಿ, ಕಣ್ಣು ಅರ್ಧ ಮುಚ್ಚಿ ಕೂತಿತ್ತು. ಬಾಲ ಏರಿಳಿಯುತ್ತಿತ್ತು. ಆಗಾಗ ತಿಣುಕಿದಂತೆ ಮಾಡುತ್ತಿತ್ತು. ಹೊಟ್ಟೆ ಕಟ್ಟಿದೆ ಎಂದುಕೊಂಡಳು. ಹುಸೇನನಿಗೆ ಫೋನು ಮಾಡಿದರೆ ಅಂಗಡಿಯ ಗದ್ದಲದಲ್ಲಿ ಅವನಿಗೆ ಅರ್ಧ ಕೇಳಿಸಲಿಲ್ಲ. “ಮುಚ್ಚಿಗೊಂಡು ತಗೊಂಡ ಬರ್ರಿ, ಜಲ್ದಿ. ಥಂಡಿ ಹತ್ತಬಾರದು” ಎಂದಷ್ಟೇ ಹೇಳಿದ. ಮೌನಪ್ಪನನ್ನು ಸಿಸ್ಟರ್‌ನ ಬಳಿ ಬಿಟ್ಟು, ಮಾಸ್ತರನನ್ನು ಬಿದಿರಿನ ಸಣ್ಣ ಬುಟ್ಟಿಯಲ್ಲಿ ಹಾಕಿ ಬಟ್ಟೆ ಹೊದಿಸಿ, ಮಾನ್ವಿ ಬಸ್ಸು ಹತ್ತಿದಳು.

ಪಕ್ಕದ ಸೀಟಿನಲ್ಲಿ ಕೂತ ಹೆಂಗಸು ಎರಡು ಸಲ ತಿರುಗಿ ನೋಡಿದಳು.

“ಸಿಸ್ಟರ್ ಅಲ್ಲೇನ್ರೀ? ನಾನ್ರೀ, ಜಾಲಹಳ್ಳಿ ವಿರೂಪಣ್ಣರ ಸೊಸಿ, ಬಸವಂತಮ್ಮ. ರಾಯಚೂರಾಗ ಕೆಲಸ ಇತ್ತು, ಈಗ ತವರುಮನಿ ಕವಿತಾಳಕ್ಕ ಹೊಂಟೀನಿ.”

ಯಮನಮ್ಮನಿಗೆ ನೆನಪಿತ್ತು. ಇಪ್ಪತ್ತೆರಡು ವರ್ಷಗಳ ಹಿಂದೆ ವಿರೂಪಣ್ಣನ ಮನೆಯಲ್ಲಿ ತನ್ನನ್ನು ಹೊರಗಿನ ಕಟ್ಟೆಯ ಮೇಲೆಯೇ ಕೂಡಿಸುತ್ತಿದ್ದರು. ನೀರಿಗೆ ಬೇರೆ ಲೋಟ. ಒಂದು ಮಧ್ಯಾಹ್ನ ಈ ಬಸವಂತಮ್ಮನಿಗೆ ಹೆರಿಗೆ ಕಷ್ಟವಾದಾಗ ಅದೇ ಮನೆಯ ಅತ್ತೆ ಓಡಿಬಂದು ಯಮನಮ್ಮನ ಕೈ ಹಿಡಿದು ಎಳೆದುಕೊಂಡು ಒಳಕೋಣೆಗೆ ಹೋಗಿದ್ದಳು. ಗಂಡುಮಗು ಹುಟ್ಟಿತು. ಕೈ ತೊಳೆದು ಹೊರಬಂದಾಗ ಚಹಾ ಮತ್ತೆ ಅದೇ ಬೇರೆ ಲೋಟದಲ್ಲಿ ಬಂತು. ಆ ದಿನ ಸಿಟ್ಟು ಬಂದಿತ್ತೋ ಸಂತೋಷವಾಗಿತ್ತೋ ಯಮನಮ್ಮನಿಗೆ ಇಂದಿಗೂ ಗೊತ್ತಿರಲಿಲ್ಲ.

ಬಸವಂತಮ್ಮ ಬಟ್ಟೆಯ ಅಂಚು ಎತ್ತಿ ಬುಟ್ಟಿಯೊಳಗೆ ಇಣುಕಿದಳು. ಸ್ವಲ್ಪ ಹೊತ್ತು ನೋಡಿ, “ಹಡಿಯಾಕ ಬಂದಂಗ ಕಾಣತದ ಅಲ್ರೀ” ಎಂದಳು.

“ಇಲ್ಲವ್ವಾ, ಇದು ಗಂಡು. ಹಾಡತದ ಇದು.”

“ಮತ್ತ್ಯಾಕ ಹಿಂಗ ತಿಣಕಾಕತ್ತದ? ನಮ್ಮ ಕೋಳಿನೂ ಹಿಂಗ ಮಾಡತದ್ರೀ, ತತ್ತಿ ಅಡ್ಡ ಸಿಕ್ಕೊಂಡಾಗ.”

“ಗಂಡು ಅಂತ ಹೇಳಿದ್ನಲ್ಲ!” ಯಮನಮ್ಮ ಬೇಕಾದ್ದಕ್ಕಿಂತ ಗಟ್ಟಿಯಾಗಿ ಅಂದಳು. ಆದರೂ ಕೈ ತಾನಾಗಿ ಬುಟ್ಟಿಯೊಳಗೆ ಇಳಿಯಿತು. ಎರಡು ಬೆರಳು ಹಕ್ಕಿಯ ಹೊಟ್ಟೆಯ ಕೆಳಗೆ ಮೆಲ್ಲಗೆ ತಾಗಿದವು. ಅಲ್ಲಿ ಗುಂಡಗೆ ಗಟ್ಟಿಯಾದ್ದೇನೋ ಇತ್ತು. ಬೆರಳಿಗೆ ಅದು ಏನೆಂದು ತಿಳಿದಿತ್ತು. ಆದರೆ ಹತ್ತು ತಿಂಗಳಿಂದ ಮಾಸ್ತರ ಎಂದು ಕರೆದ ಹಕ್ಕಿ ಇದು. ಇದ್ದರೆ ಗಡ್ಡೆ ಇರಬೇಕು ಎಂದುಕೊಂಡಳು. ಗಡ್ಡೆಯಾದರೆ ಉಳಿಯುವುದಿಲ್ಲ ಎಂದೂ ಅನ್ನಿಸಿತು. ಚೀಲದಿಂದ ನೀರಿನ ಬಾಟ್ಲಿ ತೆಗೆದು ಕುಡಿದಳು. ಮುಚ್ಚುವ ಮೊದಲೇ ಬಸವಂತಮ್ಮ ಕೈ ಚಾಚಿ ಬಾಟ್ಲಿ ಇಸಿದುಕೊಂಡು ಕಚ್ಚಿಯೇ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು ವಾಪಸು ಕೊಟ್ಟಳು. ಯಮನಮ್ಮ ಮುಚ್ಚಳ ತಿರುಗಿಸಿ, ಬಾಟ್ಲಿಯನ್ನು ಚೀಲಕ್ಕೆ ಹಾಕದೆ ತೊಡೆಯ ಮೇಲೆಯೇ ಇಟ್ಟುಕೊಂಡಳು.

ಮಾನ್ವಿಯಲ್ಲಿ ಹುಸೇನ್ ಹಕ್ಕಿಯನ್ನು ಅಂಗೈಯಲ್ಲಿ ಮಲಗಿಸಿಕೊಂಡು ಹೊಟ್ಟೆಯ ಪುಕ್ಕ ಊದಿ ನೋಡಿದ. ಕನ್ನಡಕ ಏರಿಸಿ ಮತ್ತೊಮ್ಮೆ ನೋಡಿದ.

“ಅರೆ! ಅಕ್ಕಾರ, ಇದರ ಹೊಟ್ಟ್ಯಾಗ ಅಂಡಾ ಅದ. ಸಿಕ್ಕೊಂಡದ.”

“ಹಾಡೋದು ಗಂಡು ಅಂತ ನೀವ ಹೇಳಿದ್ರಿ!”

“ಹೇಳಿದ್ದೆ, ಖರೇ ಅದ. ನೂರಕ್ಕ ಒಂದೆರಡು ಹೆಣ್ಣೂ ಹಾಡತಾವ. ನಿಮಗ ಅದ ಬಂದದ, ನಾ ಏನ್ ಮಾಡ್ಲಿ?”

ಯಮನಮ್ಮ ಸ್ಟೂಲಿನ ಮೇಲೆ ಕೂತುಬಿಟ್ಟಳು. ಪೇಪರ್ ಹರಿದದ್ದು, ದಾರ ಎಳೆದದ್ದು, ಬಟ್ಟಲಲ್ಲಿ ಮೈ ತಿರುಗಿಸಿದ್ದು ಎಲ್ಲ ಗೂಡು ಕಟ್ಟುವ ತವಕ. ಗೂಡಿಗೆ ಒಂದು ಬುಟ್ಟಿಯನ್ನೂ ಕೊಟ್ಟಿರಲಿಲ್ಲ. ಸಾವಿರಾರು ಬಸುರಿಯರಿಗೆ ಕ್ಯಾಲ್ಸಿಯಂ ಗುಳಿಗೆ ಹಂಚಿ, ನುಂಗಿದಿರಾ ಎಂದು ಮನೆಮನೆಗೆ ಹೋಗಿ ಕೇಳಿದವಳು ತನ್ನ ಪಡಸಾಲೆಯ ಬಸುರಿಗೆ ಚಿಟಿಕೆ ಸುಣ್ಣದಂಶವನ್ನೂ ಹಾಕಿರಲಿಲ್ಲ.

“ಒತ್ತಿ ತೆಗಿಯೋದು ಬ್ಯಾಡೇನು?” ಎಂದು ಕೇಳಿದಳು.

“ಒತ್ತಿದ್ರ ಒಳಗ ಒಡೀತದ, ಜೀವಾನೂ ಹೋಗತದ. ಬೆಚ್ಚಗ ಇಡಬೇಕು, ಅಷ್ಟ.”

ಹುಸೇನ್ ಒಳಗೆ ಬಲ್ಬು ಹಾಕಿದ ಮರದ ಪೆಟ್ಟಿಗೆಯೊಂದನ್ನು ತಂದ. ಅದರಲ್ಲಿ ಬಿಸಿನೀರಿನ ಬಟ್ಟಲಿಟ್ಟು ಆವಿ ಮಾಡಿ, ಹಕ್ಕಿಯನ್ನು ಒಳಗೆ ಬಿಟ್ಟು, ಮುಂಭಾಗಕ್ಕೆ ಕಪ್ಪು ಬಟ್ಟೆ ಇಳಿಬಿಟ್ಟ. ಅವನ ಹತ್ತಿರವಿದ್ದ ಕ್ಯಾಲ್ಸಿಯಂ ಔಷಧದ ಎರಡು ಹನಿಯನ್ನು ಕೊಕ್ಕಿಗೆ ಸೋಕಿಸಿದ್ದ. ಆಮೇಲೆ ಮಾಡುವುದೇನೂ ಇರಲಿಲ್ಲ. ಅವನು ಬ್ಲೌಸಿಗೆ ಹುಕ್ಕು ಹಚ್ಚುತ್ತ ಕೂತ. ಯಮನಮ್ಮನಿಗೆ ಮಾತ್ರ ಕೈಗಳನ್ನು ಎಲ್ಲಿಡಬೇಕೋ ಗೊತ್ತಾಗಲಿಲ್ಲ. ಇಷ್ಟು ವರ್ಷ ಹೆರಿಗೆ ಕೋಣೆಯ ಹೊರಗೆ ಕೂತವರಿಗೆ “ಸುಮ್ನ ಕುಂದರ್ರಿ, ಎಲ್ಲಾ ಆಗತದ” ಎಂದು ಗದರಿದ್ದಳು. ಕೂಡುವುದು ಇಷ್ಟು ಕಷ್ಟ ಎಂದು ಈಗ ಗೊತ್ತಾಯಿತು. ಶಾಲೆ ಬಿಟ್ಟು ಬಂದ ವಿಶಾಖಾ ಮಾತಾಡಿಸಿದರೆ ಒಂದಕ್ಕೆ ಇನ್ನೊಂದು ಉತ್ತರ ಕೊಟ್ಟಳು.

ಐದು ಗಂಟೆಯ ಹೊತ್ತಿಗೆ ಪೆಟ್ಟಿಗೆಯೊಳಗೆ ಸಣ್ಣ ಸದ್ದಾಯಿತು. ಬಟ್ಟೆ ಸರಿಸಿದರೆ ಮಾಸ್ತರ ನೀರಿನ ಬಟ್ಟಲಿನ ಪಕ್ಕದಲ್ಲಿ ನಿಂತಿತ್ತು. ಹಿಂದೆ ತಿಳಿನೀಲಿಯ, ಕಂದು ಚುಕ್ಕೆಗಳಿದ್ದ ಪುಟ್ಟ ಮೊಟ್ಟೆ.

“ಹೆರಿಗಿ ಆತು ನೋಡ್ರಿ ಅಕ್ಕಾರ” ಎಂದ ಹುಸೇನ್. ವಿಶಾಖಾ ನಕ್ಕಳು. ಯಮನಮ್ಮನ ಕಣ್ಣಲ್ಲಿ ನೀರು ಬಂತು. ಯಾಕೆಂದು ಅವಳಿಗೇ ತಿಳಿಯಲಿಲ್ಲ. ಯಾರ ಹೆರಿಗೆಯಲ್ಲೂ ಅತ್ತವಳಲ್ಲ.

ಮರುದಿನ ಹುಸೇನ್ ಕೊಟ್ಟ ಗೂಡಿನ ಬುಟ್ಟಿ, ನಾರು, ಬೇಯಿಸಿದ ಮೊಟ್ಟೆಯ ಚಿಪ್ಪಿನ ಪುಡಿಯೊಂದಿಗೆ ರಾಯಚೂರಿಗೆ ಮರಳಿದಳು. ಮೊದಲ ಮೊಟ್ಟೆ ತಣ್ಣಗಾಗಿ ಕೆಟ್ಟಿತ್ತು. ಮಾಸ್ತರ ಗೂಡಿನಲ್ಲಿ ಮತ್ತೆ ಮೂರು ಮೊಟ್ಟೆ ಇಟ್ಟು ಕಾವಿಗೆ ಕೂತಿತು. ಈಗ ಹೊಸ ಪ್ರಶ್ನೆ. ಸಿಸ್ಟರ್ ಒಂದು ದಿನವೂ ಹಾಡಿಲ್ಲ, ಹಾಗಾದರೆ ಅದೂ ಹೆಣ್ಣೇ? ಎರಡೂ ಹೆಣ್ಣಾದರೆ ಮೊಟ್ಟೆಯಲ್ಲಿ ಜೀವ ಇರುವುದಿಲ್ಲ. ಬೆಳಕಿಗೆ ಹಿಡಿದು ನೋಡು ಎಂದು ಮೌನಪ್ಪ ಓದಿ ಹೇಳಿದ. ಮೊಟ್ಟೆ ಮುಟ್ಟಲು ಅವಳ ಕೈ ಏಳಲಿಲ್ಲ. “ಜೀವ ಇಲ್ಲ ಅಂತ ತಿಳಿದ್ರ ಅದರ ಬುಡದಿಂದ ತೆಗಿಬೇಕಾಗತದ. ನಾ ತೆಗಿಯಾಕಿ ಅಲ್ಲ” ಎಂದಳು.

ಮರಿಯಾಗಬೇಕಿದ್ದ ಹದಿನಾಲ್ಕನೆಯ ದಿನ ಏನೂ ಆಗಲಿಲ್ಲ. ಹದಿನೈದನೆಯ ದಿನ ಗೂಡಿನ ಅಂಚಿನ ಮೇಲೆ ಪುಕ್ಕವಿಲ್ಲದ, ಕಣ್ಣು ತೆರೆಯದ ಒಂದು ತಲೆ ನಡುಗುತ್ತ ಎದ್ದು ಬಾಯಿ ತೆರೆಯಿತು. ಉಳಿದ ಎರಡು ಮೊಟ್ಟೆ ಒಡೆಯಲೇ ಇಲ್ಲ. ಸಿಸ್ಟರ್ ಹಾರಿಬಂದು ಮೊದಲು ಮಾಸ್ತರನಿಗೆ, ಆಮೇಲೆ ಮರಿಗೆ ತಿನ್ನಿಸಿತು. ಮೊಟ್ಟೆಯಲ್ಲಿ ಜೀವ ಇತ್ತು ಅಂದರೆ ಹಾಡದ ಸಿಸ್ಟರ್ ಗಂಡು. ಬಂದವರಿಗೆ ಇದನ್ನು ವಿವರಿಸಲು ಹೋಗಿ ಮೌನಪ್ಪನಂಥ ಮಾತುಗಾರನೂ ನಡುವೆ ತಡವರಿಸುತ್ತಿದ್ದ. “ಮಾಸ್ತರ ಇದರ ತಾಯಿ, ಸಿಸ್ಟರ್ ಅಪ್ಪ...” ಎಂದಾಗ ಜನ ಅವನ ಮುಖ ನೋಡುತ್ತಿದ್ದರು. ಹೆಸರು ಅದಲು ಬದಲು ಮಾಡು ಎಂದ. ಎರಡು ದಿನ ಪ್ರಯತ್ನಿಸಿದಳು. ಇನ್ನೂ ಗೊಂದಲವಾಯಿತು, ಬಿಟ್ಟಳು.

ಜನವರಿ ಕೊನೆಯಲ್ಲಿ ಹುಸೇನ್ ತಾನೇ ಬಸ್ಸು ಹತ್ತಿ ಬಂದ, ಹಾಡದ ಗಂಡನ್ನು ಕಣ್ಣಾರೆ ನೋಡಲು. ಪಂಜರದ ಮುಂದೆ ಕುರ್ಚಿ ಹಾಕಿಕೊಂಡು ಒಂದು ತಾಸು ಕೂತ. ಸಿಳ್ಳೆ ಹಾಕಿದ. ಫೋನಿನಲ್ಲಿ ಬೇರೆ ಕ್ಯಾನರಿಯ ಹಾಡು ಕೇಳಿಸಿದ. ಸಿಸ್ಟರ್ ಕತ್ತು ವಾರೆ ಮಾಡಿ ಕೇಳಿತು, ಅಷ್ಟೇ.

“ಯಾಕ ಹಾಡವಲ್ಲದು?” ಯಮನಮ್ಮ ಕೇಳಿದಳು.

“ನನಗೂ ತಿಳಿಯವಲ್ದು ಅಕ್ಕಾರ. ಪಚ್ಚೀಸ್ ಸಾಲ್ ಆತು, ಇಂಥಾದ್ದು ನಾ ನೋಡಿಲ್ಲ.”

ಒಂದು ವರ್ಷದಿಂದ ಯಾರೂ ಅವಳಿಗೆ ಇಷ್ಟು ನೆಮ್ಮದಿಯ ಮಾತು ಹೇಳಿರಲಿಲ್ಲ. ಚಹಾ ಕುಡಿದು ಏಳುವಾಗ ಹುಸೇನ್, ಮರಿ ದೊಡ್ಡದಾದ ಮೇಲೆ ತನಗೆ ಕೊಡುತ್ತೀರಾ ಎಂದು ಕೇಳಿದ. ಅದು ಗಂಡೋ ಹೆಣ್ಣೋ ಎಂದು ಮೌನಪ್ಪ ಕೇಳಿದ. ಹುಸೇನ್ ಎರಡೂ ಕೈ ಎತ್ತಿ ನಕ್ಕುಬಿಟ್ಟ.

“ಮೊದಲ ಅದು ತಾನ ತಿನ್ನೋದು ಕಲೀಲಿ” ಎಂದು ಯಮನಮ್ಮ ಸೌತೆಕಾಯಿ ಹೆಚ್ಚಲು ಒಳಗೆ ಹೋದಳು.