ಅಜ್ಜಿ ಮುಟ್ಟುತ್ತಿದ್ದ ಹೆಸರು

ಅಕ್ಸ್‌ಬ್ರಿಡ್ಜ್‌ನ ಆಫೀಸಿನಿಂದ ನೇರವಾಗಿ ಪಿನ್ನರ್‌ನಲ್ಲಿರುವ ಮಗಳ ಶಾಲೆಗೆ ಹೋಗಿದ್ದೆ. ಕಾಲುಗಳು ಸೋತಿದ್ದವು. ಪೇರೆಂಟ್ಸ್ ಮೀಟಿಂಗಿಗೆ ಟೀಚರ್ ಕರೆಯಲೆಂದು ಮಗಳ ಜೊತೆ ಕಾಯುತ್ತಿದ್ದಾಗ ಅಗಸೆ ಎಣ್ಣೆಯ ವಾಸನೆ ಬಂತು. ಯುದ್ಧದಲ್ಲಿ ಮಡಿದ ಹಳೆಯ ವಿದ್ಯಾರ್ಥಿಗಳ ಹೆಸರಿನ ಹಲಗೆಗೆ ಯಾರೋ ಹೊಸದಾಗಿ ಎಣ್ಣೆ ಹಚ್ಚಿದ್ದರು.

ಬೆಳಗಾವಿ ಕಡೆಯ ನಮ್ಮೂರ ಶಾಲೆಯ ಪಡಸಾಲೆಯಲ್ಲೂ ಅಂಥದೊಂದು ಹಲಗೆಯಿತ್ತು. ಎರಡನೇ ಮಹಾಯುದ್ಧಕ್ಕೆ ಹೋಗಿ ತಿರುಗಿ ಬಾರದ ಊರಿನವರ ಹೆಸರುಗಳು. ಅದರಲ್ಲಿ ನಮ್ಮಜ್ಜನೂ ಇದ್ದ. ಅವ್ವ ಆಗ ತೊಟ್ಟಿಲ ಕೂಸಂತೆ. ಅಜ್ಜಿಗೆ ಓದಲು ಬಾರದು. ನನಗೆ ಬುತ್ತಿ ತಂದಾಗಲೆಲ್ಲ ಚಪ್ಪಲಿ ಬಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಮೇಲಿನಿಂದ ಎರಡನೆಯ ಹೆಸರನ್ನು ಮುಟ್ಟಿ ಹೋಗುತ್ತಿದ್ದಳು.

ಒಮ್ಮೆ ಹೆಡ್‌ಮಾಸ್ತರರು ಹಲಗೆಗೆ ಹೊಸ ಬಣ್ಣ ಹೊಡೆಸಿದರು. ಪೇಂಟರ್ ಹೆಸರುಗಳ ಸಾಲು ಬದಲಿಸಿಬಿಟ್ಟಿದ್ದ. ಅಜ್ಜಿ ಎಂದಿನಂತೆ ಎರಡನೆಯದನ್ನೇ ಮುಟ್ಟಿದಳು.

"ಅಜ್ಜಿ, ಅದು ಅಜ್ಜಂದಲ್ಲ, ಕುಂಬಾರ ಭರಮಪ್ಪಂದು. ಅಜ್ಜ ಕೆಳಗ ಅದಾನ," ಎಂದೆ.

ಅಜ್ಜಿ ಕೈ ತೆಗೆಯಲಿಲ್ಲ. "ಇರ್ಲಿ ಬಿಡವ್ವ. ಭರಮಪ್ಪನ ಮನ್ಯಾಗ ಯಾರೂ ಉಳಿದಿಲ್ಲ. ಅವನ್ನೂ ಯಾರರ ಮುಟ್ಟಬೇಕಲ್ಲ," ಎಂದಳು.

ಆಮೇಲೆ ಅಜ್ಜನ ಹೆಸರು ಎಲ್ಲಿದೆಯೆಂದು ಕೇಳಿದಳು. ತೋರಿಸಿದೆ. ಅಂದಿನಿಂದ ಇಬ್ಬರನ್ನೂ ಮುಟ್ಟುತ್ತಿದ್ದಳು. ಅಜ್ಜನಿಗಾಗಿ ನಡು ಹಿಡಿದುಕೊಂಡು ಬಗ್ಗುತ್ತಿದ್ದಳು.

"ಮಮ್, ಡು ಯು ನೋ ಸಮ್‌ಒನ್ ಆನ್ ದಟ್?" ನಾನು ಆ ಶಾಲೆಯ ಹಲಗೆಯನ್ನೇ ನೋಡುತ್ತಿದ್ದುದನ್ನು ಕಂಡು ಮಗಳು ಕೇಳಿದಳು.

"ಇಲ್ಲವ್ವ. ಮನಿಗೆ ಹೋಗಿ ಒಂದ್ ಕತಿ ಹೇಳ್ತೀನಿ," ಎಂದೆ.

ಮನೆಗೆ ಬಂದವಳು ಕತೆ ಹೇಳುವ ಮೊದಲೇ ಸೋಫಾದಲ್ಲಿ ಕೂತಲ್ಲೇ ನಿದ್ದೆ ಹೋದೆ. ಅದಕ್ಕೇ ಇಲ್ಲಿ ಬರೆದಿದ್ದೇನೆ. ಮಗಳಿಗೆ ಕನ್ನಡ ತಿಳಿಯುತ್ತದೆ, ಓದಲು ಬಾರದು. ನಾಳೆ ನಾನೇ ಓದಿ ಹೇಳಬೇಕು.