ತಾತನ ಟೈ, ಚಿಕ್ಕಪ್ಪನ ಮತ

ನಾನು ಚಿಕ್ಕವನಿದ್ದಾಗ, ಐರ್ಲೆಂಡಿನ ಡಬ್ಲಿನ್ ಊರಿನ ಕ್ಲಾಂಡಾಲ್ಕಿನ್ ಬಡಾವಣೆಯಲ್ಲಿದ್ದ ನಮ್ಮ ಬಾಡಿಗೆ ಮನೆಗೂ ಪಕ್ಕದ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಆ ಕಡೆ ಯಾರಾದರೂ ಕೆಮ್ಮಿದರೆ ಈ ಕಡೆ ಅಮ್ಮ ಶುಂಠಿ ಜಜ್ಜಲು ಶುರು ಮಾಡುತ್ತಿದ್ದಳು. ಕೆಮ್ಮುತ್ತಿದ್ದವರು ಸ್ಕಾಟ್ಲೆಂಡಿನ ಒಬ್ಬ ಮುದುಕರು. ಅಲ್ಲಿ ಹಡಗು ಕಟ್ಟುವ ಕೆಲಸ ನಿಂತುಹೋದಾಗ ಹೆಂಡತಿಯ ಊರಾದ ಡಬ್ಲಿನ್‌ಗೆ ಬಂದು ನೆಲೆಸಿದ್ದರು. ಹೆಂಡತಿ ತೀರಿಹೋಗಿ ಆಗಲೇ ಬಹಳ ಕಾಲವಾಗಿತ್ತು. ನಾನು ಅವರನ್ನು ತಾತ ಎಂದು ಕರೆಯುತ್ತಿದ್ದೆ. ಆ ಮಾತಿನ ಅರ್ಥ ತಿಳಿದ ಮೇಲಂತೂ ಬೇರೆ ಹೆಸರಿಗೆ ಅವರು ಓಗೊಡುವುದನ್ನೇ ಬಿಟ್ಟರು.

ಅಪ್ಪನಿಗೆ ಸ್ಯಾಂಡಿಫರ್ಡ್‌ನಲ್ಲಿ ಕಂಪ್ಯೂಟರ್ ಕೆಲಸ, ಅಮ್ಮನಿಗೆ ಆಸ್ಪತ್ರೆಯಲ್ಲಿ ನರ್ಸ್ ಕೆಲಸ. ಇಬ್ಬರೂ ಬೆಳಗ್ಗೆ ಬೇಗ ಹೊರಟರೆ ನನ್ನ ತಿಂಡಿ ತಾತನ ಮನೆಯಲ್ಲಿ. ಅವರ ಅಡುಗೆಮನೆ ಸೀದ ಬ್ರೆಡ್ಡು, ಒದ್ದೆ ಉಣ್ಣೆ ಕೋಟು ಎರಡರ ವಾಸನೆಯನ್ನೂ ಸೇರಿಸಿಕೊಂಡು ಬೆಚ್ಚಗಿರುತ್ತಿತ್ತು. ಓಟ್ಸ್ ಗಂಜಿಗೆ ಅವರು ಉಪ್ಪು ಹಾಕಿಕೊಳ್ಳುತ್ತಿದ್ದರು, ನಾನು ಅಮ್ಮ ಕಟ್ಟಿಕೊಟ್ಟ ಬೆಲ್ಲ ಹಾಕಿಕೊಳ್ಳುತ್ತಿದ್ದೆ. ಬೆಲ್ಲ ಕರಗುವುದನ್ನು ನೋಡಿ ಅವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು, ಯಾವುದೋ ಮಹಾಪಾಪ ನಡೆಯುತ್ತಿದೆ ಎನ್ನುವ ಹಾಗೆ.

ಒಂದು ವರ್ಷ, ಸ್ಕಾಟ್ಲೆಂಡ್ ಬ್ರಿಟನ್ನಿನಿಂದ ಬೇರೆಯಾಗಿ ಸ್ವತಂತ್ರ ದೇಶವಾಗಬೇಕೇ ಬೇಡವೇ ಎಂದು ಅಲ್ಲಿನ ಜನರನ್ನು ಕೇಳುವುದೆಂದು ತೀರ್ಮಾನವಾಗಿತ್ತು. ತಾತನಿಗೆ ಬೇರೆ ಮಾತೇ ಇಲ್ಲದಂತಾಯಿತು. ನಮ್ಮ ಕೊಲ್ಲಿಯಲ್ಲಿ ಅಣುಬಾಂಬು ಹೊತ್ತ ಹಡಗುಗಳನ್ನು ತಂದು ನಿಲ್ಲಿಸಿದರು, ನಮ್ಮನ್ನು ಕೇಳಿದರೇ ಎನ್ನುತ್ತಿದ್ದರು. ನಾವು ಬೇಡವೆಂದ ಪಕ್ಷವೇ ಮತ್ತೆ ಮತ್ತೆ ನಮ್ಮನ್ನು ಆಳುತ್ತದೆ ಎನ್ನುತ್ತಿದ್ದರು. ಬೇರೆಯಾದರೆ ನಿಮ್ಮ ಪಿಂಚಣಿಯ ಗತಿಯೇನು, ದುಡ್ಡು ಯಾವುದು ಎಂದು ಅಪ್ಪ ಒಮ್ಮೆ ಕೇಳಿದರು. ಗಂಜಿಯ ಸೌಟು ಎತ್ತಿಕೊಂಡೇ ತಾತ, "ನಿಮ್ಮ ಭಾರತ ಸ್ವಾತಂತ್ರ್ಯ ಕೇಳಿದಾಗ ಮೊದಲು ಈ ಲೆಕ್ಕ ಮುಗಿಸಿ ಕೇಳಿತ್ತಾ?" ಎಂದರು.

ಆದರೆ ಮತ ಇದ್ದದ್ದು ಅಲ್ಲಿ ವಾಸವಿದ್ದವರಿಗೆ ಮಾತ್ರ. ಅಲ್ಲೇ ಹುಟ್ಟಿ ಬೆಳೆದ ತಾತನಿಗೆ ಇಲ್ಲ. ದಾವಣಗೆರೆಯಲ್ಲಿ ಡಾಕ್ಟರ್ ಓದಿ ಮೊನ್ನೆ ಮೊನ್ನೆ ಗ್ಲಾಸ್ಗೋ ಸೇರಿದ್ದ ನನ್ನ ಚಿಕ್ಕಪ್ಪನಿಗೆ ಇತ್ತು. ಕಾಮನ್‌ವೆಲ್ತ್ ದೇಶದವರೆಂಬ ಕಾರಣಕ್ಕೆ ಅಲ್ಲಿ ನೆಲೆಸಿದ ಭಾರತದವರೂ ಮತ ಹಾಕಬಹುದಿತ್ತು. ಬೇಸಿಗೆಯಲ್ಲಿ ಚಿಕ್ಕಪ್ಪ ನಮ್ಮ ಮನೆಗೆ ಬಂದಾಗ ತಾತ ಅವನ ಎರಡೂ ಕೈ ಹಿಡಿದು, ನನ್ನ ಪರವಾಗಿ ಒಂದು 'ಹೌದು' ಹಾಕಪ್ಪ ಎಂದು ಬೇಡಿಕೊಂಡರು. ದೊಡ್ಡವರ ಮುಖಕ್ಕೆ ಇಲ್ಲ ಎನ್ನುವ ಅಭ್ಯಾಸ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಚಿಕ್ಕಪ್ಪ ನಮ್ಮವರ ಹಾಗೆ ಆಚೆ ಈಚೆ ತಲೆಯಾಡಿಸಿದ. ಕೇಳಿಸಿಕೊಂಡೆ ಎಂದಷ್ಟೇ ಅದರ ಅರ್ಥ. ತಾತ ಅದನ್ನು ಮಾತು ಕೊಟ್ಟಂತೆ ಎಂದುಕೊಂಡರು.

ಮತದಾನದ ದಿನ ಬೆಳಗ್ಗೆ ಅಪ್ಪ ಫೋನಿನಲ್ಲಿ ಚಿಕ್ಕಪ್ಪನಿಗೆ ಹೇಳುತ್ತಿದ್ದದ್ದು ನನಗೆ ಕೇಳಿಸಿತು. "ಉಂಡ ಮನೆಗೆ ಎರಡು ಬಗೀಬಾರ್ದು ಕಣೋ. ಅನ್ನ ಕೊಟ್ಟ ದೇಶ, ನಾವ್ಯಾಕೆ ಒಡೆಯೋಕೆ ಹೋಗ್ಬೇಕು? ಆಮೇಲೆ ನಿನ್ನ ವೀಸಾ ಏನಾಗತ್ತೋ ಯಾರಿಗ್ಗೊತ್ತು."

ಸಂಜೆ ತಾತ ಬಂದರು. ಗಡ್ಡ ಬೋಳಿಸಿ, ಬೂಟಿಗೆ ಪಾಲಿಶ್ ಹಾಕಿ, ಕಡು ನೀಲಿ ಟೈ ಕಟ್ಟಿಕೊಂಡಿದ್ದರು. ಎಲ್ಲಿಗೆ ಹೊರಟಿರಿ ಎಂದೆ. "ಮತ ಹಾಕೋಕೆ," ಎಂದು ನಮ್ಮ ಫೋನಿನ ಪಕ್ಕದ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕುಳಿತರು. ಅಮ್ಮ ಉಪ್ಪಿಟ್ಟು ಕೊಟ್ಟಳು. ಅದು ತಟ್ಟೆಯಲ್ಲೇ ಆರಿತು.

ಚಿಕ್ಕಪ್ಪನ ಫೋನು ಬಂತು. ತಾತ ಪಕ್ಕದಲ್ಲೇ ಇದ್ದಾರೆ ಎಂದು ಅಪ್ಪ ಹೇಳಿ ಸ್ಪೀಕರ್ ಹಾಕಿದರು. ಚಿಕ್ಕಪ್ಪ, ತಾನು 'ಬೇಡ' ಎಂದೇ ಹಾಕಿ ಬಂದೆ, ತನ್ನ ಕೆಲಸ, ವೀಸಾ ಎಲ್ಲಾ ನೆನೆದು ಭಯವಾಯಿತು, ಕ್ಷಮಿಸಿ ಎಂದ. ಅವನು ಸುಳ್ಳು ಹೇಳಬಹುದಿತ್ತು. ಹೇಳಿಬಿಡಬಾರದಿತ್ತೇ ಎಂದು ಎಷ್ಟೋ ವರ್ಷ ನನಗೆ ಅನ್ನಿಸಿದೆ.

ತಾತ ಫೋನಿನ ಕಡೆ ಬಾಗಿದರು. "ಅದು ನಿನ್ನ ಮತ ಮಗು, ನನ್ನದಲ್ಲ. ನಾನು ಕೇಳಬಾರದಿತ್ತು," ಎಂದರು. ಆರಿದ ಉಪ್ಪಿಟ್ಟನ್ನು ಒಂದು ಚೂರೂ ಬಿಡದೆ ತಿಂದು ಮುಗಿಸಿದರು. ಹೊರಡುವಾಗ ಬಾಗಿಲಲ್ಲಿ ನಿಂತು ಟೈ ಬಿಚ್ಚಿ, ಸುತ್ತಿ, ಕೋಟಿನ ಜೇಬಿಗೆ ಹಾಕಿಕೊಂಡರು. ನನಗೆ ಅಳು ಬಂತು.

ಬಾಗಿಲು ಹಾಕಿದ ಮೇಲೆ ಅಮ್ಮ ಅಪ್ಪನ ಕಡೆ ತಿರುಗಿದಳು. "ಉಂಡ ಮನೆ ಅಂದ್ರಲ್ಲ, ಯಾವ್ದು ರೀ ಅದು? ನಿಮ್ ಮಗ ದಿನಾ ಬೆಳಗ್ಗೆ ಉಣ್ತಿರೋದು ಯಾರ ಮನೇಲಿ?" ಅಪ್ಪ ಅವತ್ತು ಊಟ ಮಾಡಲಿಲ್ಲ. ಗೋಡೆಯಾಚೆ ಕೆಮ್ಮು ಕೇಳಿಸುತ್ತಲೇ ಇತ್ತು. ಅಮ್ಮ ಶುಂಠಿ ಜಜ್ಜಿ ಕಷಾಯ ಮಾಡಿದಳು. ಅದನ್ನು ಒಯ್ದು ಕೊಡುವ ಧೈರ್ಯ ನಮ್ಮಲ್ಲಿ ಯಾರಿಗೂ ಬರಲಿಲ್ಲ.

ಬೆಳಗಾಗುವುದರಲ್ಲಿ 'ಬೇಡ' ಗೆದ್ದಿತ್ತು. ಒಂದು ಮತದಿಂದ ಏನೂ ಬದಲಾಗುತ್ತಿರಲಿಲ್ಲ, ಅದು ತಾತನಿಗೂ ಗೊತ್ತಿತ್ತು. ಆದರೂ ಗಂಜಿಗೆ ಉಪ್ಪು ಹಾಕುವುದನ್ನು ಮರೆತು, ಸಪ್ಪಗಿದ್ದದ್ದನ್ನೇ ಉಂಡರು. ನಾನು ಬೆಲ್ಲದ ಡಬ್ಬಿ ಮುಂದೆ ತಳ್ಳಿದೆ. ಅವರು ಮೊದಲ ಸಲ ಒಂದು ಚೂರು ತೆಗೆದುಕೊಂಡರು. ಮುಂದಿನ ಚಳಿಗಾಲ ಗೋಡೆಯಾಚೆಯ ಕೆಮ್ಮು ನಿಂತುಹೋಯಿತು.

ಮೊಮ್ಮಕ್ಕಳೇ, ನೀವು ಇಲ್ಲೇ ಹುಟ್ಟಿದವರು. ವೀಸಾ ಎಂಬ ಮಾತಿಗೆ ನಮ್ಮ ಮನೆ ಹೇಗೆ ನಡುಗುತ್ತಿತ್ತೆಂದು ನಿಮಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ಹದಿನೆಂಟು ತುಂಬಿದರೆ ಸಾಕು, ಮತ ನಿಮ್ಮ ಮನೆ ಬಾಗಿಲಿಗೇ ಬರುತ್ತದೆ. ಮೊನ್ನೆ ಚುನಾವಣೆಯ ದಿನ ನಿಮ್ಮಪ್ಪ ಮಳೆ ನೋಡಿ, "ಬಿಡಿ ಅಪ್ಪ, ನಾನೊಬ್ಬ ಹೋಗ್ದಿದ್ರೂ ಗ್ರ್ಯಾಂಡ್, ಏನೂ ಆಗಲ್ಲ," ಎಂದು ಸೋಫಾ ಬಿಟ್ಟು ಏಳಲಿಲ್ಲ. ಈ ಮಳೆಯಲ್ಲಿ ಅಜ್ಜ ಟೈ ಕಟ್ಟಿಕೊಂಡು ಎಲ್ಲಿಗೆ ಹೊರಟ ಎಂದು ನೀವು ನನ್ನನ್ನು ನೋಡಿ ನಕ್ಕಿರಿ. ಮತಗಟ್ಟೆ ಇರುವುದು ನಮ್ಮ ಬೀದಿಯ ಕೊನೆಯಲ್ಲೇ. ತಾತನಿಗೆ ಆ ನೀಲಿ ಟೈ ಕಟ್ಟಿಕೊಂಡು ನಮ್ಮ ಫೋನಿನ ತನಕ ಮಾತ್ರ ಬರಲು ಸಾಧ್ಯವಾಗಿತ್ತು.